ಹೊಟ್ಟೆಯಿಲ್ಲದವಳ ಒಪ್ಪತ್ತು

ಕಂಪ್ಲಿಯಲ್ಲಿ ಅಕ್ಕನಾಗಮ್ಮನ ಮನೆ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಕ್ವಿಂಟಾಲಕ್ಕನ ಮನೆ ಎಂದರೆ ಸಾಕು, ಕೈ ಹಿಡಿದು ಕರೆದುಕೊಂಡು ಹೋಗಿ ಬಾಗಿಲಿಗೆ ಬಿಡುತ್ತಿದ್ದರು. ಆ ಹೆಸರು ಹುಟ್ಟಿದ್ದು ಅವಳ ಗಂಡ ಸಿದ್ದಲಿಂಗೇಶನ ರೈಸ್ ಮಿಲ್ಲಿನಲ್ಲಿ. ಒಂದು ದಿನ ಬುತ್ತಿ ಕೊಡಲು ಹೋದವಳನ್ನು ಗಂಡನೇ ತಮಾಷೆಗೆ ಮೂಟೆ ತೂಗುವ ತಕ್ಕಡಿಯ ಮೇಲೆ ಹತ್ತಿಸಿದ. ಮುಳ್ಳು ನೂರು ದಾಟಿತು. ಹಮಾಲಿ ಪಾಲಯ್ಯ ತಡೆಯಲಾರದೆ "ಕ್ವಿಂಟಾಲಕ್ಕ" ಅಂದುಬಿಟ್ಟ. ಹಮಾಲರೆಲ್ಲ ಬಾಯಿಗೆ ಟವೆಲ್ ಒತ್ತಿಕೊಂಡರು. ಸಾಹುಕಾರ ಮಾತ್ರ ಯಾರ ಹಂಗೂ ಇಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕ. ಗಂಡನೇ ನಕ್ಕ ಮೇಲೆ ಊರು ನಗದೆ ಬಿಡುತ್ತದೆಯೇ?

ದಪ್ಪಗಿರುವವರನ್ನು ಕಂಡರೆ ಇವರು ಕದ್ದು ತಿಂದೇ ಹೀಗಾಗಿದ್ದಾರೆ ಎಂದು ಜನಕ್ಕೆ ಅನ್ನಿಸುತ್ತದೆ. ಅಕ್ಕನಾಗಮ್ಮ ಕದ್ದು ತಿಂದವಳಲ್ಲ, ಹೇಳಿದ್ದಕ್ಕೆ ತಿಂದವಳು. ಎಮ್ಮಿಗನೂರಿನಿಂದ ಸೊಸೆಯಾಗಿ ಬಂದಾಗ ಗಾಳಿಗೆ ಸೆರಗು ಹಾರಿದರೆ ತಾನೂ ಹಾರುವಂತಿದ್ದಳು. ಅತ್ತೆ ಗಂಗಾಂಬಿಕಾ ಆ ಮನೆಗೆ ಒಂದು ಕಟ್ಟಳೆ ಮಾಡಿದ್ದಳು. ಅಕ್ಕಿಯಿಂದ ಬದುಕುವ ಮನೆಯಲ್ಲಿ ಒಂದಗುಳು ಅನ್ನವೂ ಚೆಲ್ಲಬಾರದು, ಲಕ್ಷ್ಮಿ ಮುನಿಯುತ್ತಾಳೆ. ಅತ್ತೆಯ ಲಿಂಗಪೂಜೆ ಮುಗಿಯಬೇಕು, ಗಂಡಸರು ಉಣ್ಣಬೇಕು, ಕಡೆಗೆ ಹೆಂಗಸರು. ಆ ಕಡೆಯವರಲ್ಲೂ ಕಡೆಯವಳು ಸೊಸೆ. ಬೋಗುಣಿಯಲ್ಲಿ ಎಷ್ಟು ಉಳಿದಿದೆಯೋ ಅಷ್ಟೂ ಅವಳ ಪಾಲು. "ಉಣ್ಣು, ಉಣ್ಣು. ಚೆಲ್ಲಿದ್ರ ಪಾಪ ಬರ್ತೈತಿ" ಎಂದು ಅತ್ತೆ ಎದುರಿಗೆ ಕೂತು ಉಣ್ಣಿಸುತ್ತಿದ್ದಳು. ಪ್ರೀತಿಯಿಂದ ಎಂದುಕೊಂಡಿರೇನು? ಮುಸುರೆ ಬಾನಿಗೆ ಹಾಕುವುದನ್ನು ಸೊಸೆಗೆ ಹಾಕುತ್ತಿದ್ದಳು, ಅಷ್ಟೇ. ಹಾಗೆ ಊದಿದ ಮೈಗೆ ಆಮೇಲೆ ಸಕ್ಕರೆ ಕಾಯಿಲೆ ಬಂತು, ಮೊಣಕಾಲು ಹೋಯಿತು, ಮಲಗಿದರೆ ಉಸಿರು ಕಟ್ಟತೊಡಗಿತು.

ಮಗಳು ಕಾವ್ಯ ಹೊಸಪೇಟೆಯ ಒಂದು ಶಾಲೆಗೆ ದಿನಾ ಹೋಗಿಬರುವ ಟೀಚರು. ಅವಳೇ ಹಟ ಹಿಡಿದು, ಅಪ್ಪನ ಜೊತೆ ಜಗಳವಾಡಿ, ಅವ್ವನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಹೊಟ್ಟೆಯ ಆಪರೇಷನ್ ಮಾಡಿಸಿದಳು. ಡಾಕ್ಟರು ಹೊಟ್ಟೆಯನ್ನು ಒಂದು ಹಿಡಿಯಷ್ಟು ಮಾಡಿ ಕಳಿಸಿದರು. ಇನ್ನು ಮೇಲೆ ಎರಡೆರಡು ತಾಸಿಗೆ ಒಂದೊಂದು ಪುಟ್ಟ ಬಟ್ಟಲು. ನಿಧಾನವಾಗಿ, ನುಣ್ಣಗೆ ಅಗಿದು. ಊಟದ ಜೊತೆ ನೀರು ಕುಡಿಯುವಂತಿಲ್ಲ. ಸಿಹಿಯನ್ನಂತೂ ಮುಟ್ಟುವಂತೆಯೇ ಇಲ್ಲ, ಮುಟ್ಟಿದರೆ ಎದೆ ಹೊಡೆದುಕೊಂಡು ಮೈ ಬೆವೆತು ಬಿದ್ದುಹೋಗುತ್ತೀರಿ ಎಂದು ಅಲ್ಲಿನ ಮೇಡಂ ಎರಡೆರಡು ಸಲ ಹೇಳಿದ್ದರು. ಅಕ್ಕನಾಗಮ್ಮ ಯಾರು ಹೇಳಿದ್ದನ್ನೂ ಮೀರಿದವಳಲ್ಲ, ಇದನ್ನೂ ಮೀರಲಿಲ್ಲ. ವರ್ಷ ತುಂಬುವಷ್ಟರಲ್ಲಿ ಮೈ ಅರ್ಧಕ್ಕಿಳಿಯಿತು. ಮೊಣಕಾಲು ನೋವಿಲ್ಲದೆ ಮೆಟ್ಟಿಲು ಹತ್ತಿದ ದಿನ ಒಬ್ಬಳೇ ಮಾಳಿಗೆಯ ಮೇಲೆ ನಿಂತು ಅತ್ತಳು, ಖುಷಿಗೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಎರಡು ಹೊತ್ತು ಗುಡ್ಡೆ ಅನ್ನ ಉಂಡಾಗ ಒಂದು ಮಾತೂ ಆಡದಿದ್ದ ಮನೆ, ಈಗ ಎರಡು ಚಮಚ ಗಂಜಿಗೆ ಕಣ್ಣಿಟ್ಟು ಕಾಯತೊಡಗಿತು. "ಕರು ಮೇದಂಗ ಮೇಯ್ತಾಳ ನೋಡ್ರಿ, ಬಾಯಿಗೆ ಬಿಡುವ ಇಲ್ಲ" ಎಂದು ಗಂಗಾಂಬಿಕಾ ಬಂದವರಿಗೆಲ್ಲ ಹೇಳಿದಳು. ತಾಸಿಗೊಮ್ಮೆ ಉಂಡು ತಾಸಿಗೊಮ್ಮೆ ಮುಸುರೆ ಮಾಡುವವಳು ಒಲೆ ಮುಟ್ಟಬಾರದು ಎಂದು ಹೊಸ ಕಟ್ಟಳೆ ಹುಟ್ಟಿತು. ಇಡೀ ಜನ್ಮ ಆ ಒಲೆಯ ಮುಂದೆ ಬೆಂದವಳು ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತನ್ನ ಬಟ್ಟಲು ಉಣ್ಣತೊಡಗಿದಳು. ಒಳಗೆ ಉಳಿದ ಅನ್ನ ಎಮ್ಮೆಗೆ ಹೋಗುತ್ತಿತ್ತು. ಆ ಸಿಟ್ಟೂ ಅವಳ ಮೇಲೆಯೇ.

ಇಷ್ಟರಲ್ಲಿ ಕಾವ್ಯಳಿಗೆ ಸಂಡೂರಿನ ಸಂಬಂಧ ಬಂತು. ಹುಡುಗ ಗಣಿ ಕಂಪನಿಯಲ್ಲಿ ಎಂಜಿನಿಯರು. ಕಾವ್ಯಳೂ ಅವನೂ ಫೋನಿನಲ್ಲಿ ಮಾತಾಡಿ ಮನಸ್ಸು ಕೂಡಿಸಿಕೊಂಡಾಗಿತ್ತು. ಇನ್ನು ಹಿರಿಯರು ಬಂದು ನೋಡಿ ಹೂಂ ಅನ್ನಬೇಕು, ಅಷ್ಟೇ ಬಾಕಿ. ಗಂಗಾಂಬಿಕಾ ಮಗನನ್ನೂ ಸೊಸೆಯನ್ನೂ ಮೊಮ್ಮಗಳನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದಳು:

"ಆಪರೇಷನ್ ಸುದ್ದಿ ಯಾರೂ ಬಾಯಿ ಬಿಡಬ್ಯಾಡ್ರಿ. ತಾಯಿ ಕ್ವಿಂಟಾಲ್ ಇದ್ಲು ಅಂತ ಗೊತ್ತಾದ್ರ, ನಾಳೆ ಮಗಳೂ ಹಂಗ ಆಗ್ತಾಳ ಅಂತ ಎದ್ದು ಹೋಗ್ತಾರ. ಮತ್ತ ಸಂಬಂಧ ಕುದುರೋ ತನಕ ಈ ಶ್ರಾವಣ ಸೋಮವಾರ ಮನಿ ಹೆಣ್ಮಕ್ಕಳೆಲ್ಲ ಒಪ್ಪತ್ತು."

ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಊಟ, ಅದೂ ಸಂಜೆ ದೀಪ ಹಚ್ಚಿ ಪೂಜೆಯಾದ ಮೇಲೆ.

"ಅತ್ತಿ, ನನಗ ಒಂದೊಂದು ಬಟ್ಲು ಗಂಜಿನಾದ್ರೂ ನಡುನಡುವೆ..." ಎಂದಳು ಅಕ್ಕನಾಗಮ್ಮ.

"ನಿನಗ ಹೊಟ್ಟಿನ ಇಲ್ಲಲ್ಲವ್ವ! ಕೊಯ್ಸಿ ಒಗದು ಬಂದೀಯಲ್ಲ. ಹೊಟ್ಟಿ ಇಲ್ಲಂದಮ್ಯಾಲ ಹಸಿವು ಎಲ್ಲಿಂದ ಬರ್ತೈತಿ? ನಮಗಾದ್ರ ಕಷ್ಟ. ನಿನಗೇನು, ಆರಾಮ."

ಸಿದ್ದಲಿಂಗೇಶನಿಗೂ ಅದು ಸರಿ ಎನ್ನಿಸಿತು. ಲೆಕ್ಕ ಅವನಿಗೆ ಬರುತ್ತಿದ್ದದ್ದು ಅಷ್ಟೇ: ಚೀಲ ಸಣ್ಣದಾದರೆ ಭತ್ತವೂ ಕಡಿಮೆ ಸಾಕು. ಸಣ್ಣ ಚೀಲವನ್ನು ಪದೇ ಪದೇ ತುಂಬಬೇಕು ಎನ್ನುವುದು ಆ ಮನೆಯ ಯಾರ ತಲೆಗೂ ಹೋಗಲಿಲ್ಲ. ಕಾವ್ಯಳ ತಲೆಗೆ ಹೋಗಿತ್ತು. ಮೊದಲ ಸೋಮವಾರಗಳಲ್ಲಿ ಅವಳು ಶಾಲೆಗೆ ಹೋಗುವ ಮೊದಲೂ ಬಂದ ಮೇಲೂ ಟವೆಲಿನಡಿ ಬಟ್ಟಲು ಮುಚ್ಚಿಕೊಂಡು ಬಚ್ಚಲಿಗೆ ತಂದು ಕೊಟ್ಟಳು. ಅಕ್ಕನಾಗಮ್ಮ ಬಚ್ಚಲಲ್ಲಿ ಚಿಲಕ ಹಾಕಿಕೊಂಡು, ನೀರಿನ ನಲ್ಲಿ ಬಿಟ್ಟುಕೊಂಡು ಉಂಡಳು. ಮನೆಯೊಡತಿಯ ಪಾಡು ನೋಡಿ!

ಸಂಡೂರಿನವರು ಬರುವುದು ಕಡೆಯ ಸೋಮವಾರ ಎಂದು ಗೊತ್ತಾಯಿತು. ಅವತ್ತು ಬೆಳಿಗ್ಗೆ ಕಾವ್ಯ ಬಟ್ಟಲು ತರಲಿಲ್ಲ. ಬರಿಗೈಯಲ್ಲಿ ಬಂದು ಅವ್ವನ ಪಕ್ಕ ಕೂತಳು.

"ಅವ್ವ, ಇವತ್ತೊಂದಿನ ತಡಕೋತೀಯೇನ? ಅಜ್ಜಿಗೆ ಸಂಶಯ ಬಂದೈತಿ. ಅವರು ಬರೋ ಹೊತ್ತಿಗೆ ಮನ್ಯಾಗ ರಂಪ ಆದ್ರ ನನ್ನ ಗತಿ ಏನು? ಇದು ತಪ್ಪಿದ್ರ ನಾ ಬ್ಯಾರೆ ಯಾರನ್ನೂ ಮದುವಿ ಆಗಂಗಿಲ್ಲ, ನೋಡು."

"ಹುಚ್ಚಿ, ಒಂದಿನಕ್ಕ ಏನಾಗ್ತೈತಿ? ಹೋಗು, ತಲಿ ಬಾಚ್ಕೋ ಹೋಗು" ಎಂದಳು ತಾಯಿ. ಮಗಳು ಕೇಳಿದ್ದನ್ನು ಇಲ್ಲ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಮಧ್ಯಾಹ್ನ ಬರುತ್ತೇವೆ ಎಂದವರು ದಾರಿಯಲ್ಲಿ ಅದಿರು ಲಾರಿಗಳ ಸಾಲಿಗೆ ಸಿಕ್ಕಿಬಿದ್ದರು. ಅವರು ಮನೆಗೆ ಕಾಲಿಡುವಾಗ ದೀಪ ಹಚ್ಚಿಯಾಗಿತ್ತು. ಬೀಗರು ಬಂದ ಮನೆಯಲ್ಲಿ ಅವರಿಗಿಂತ ಮೊದಲು ಉಣ್ಣುವುದುಂಟೇ? ಅಕ್ಕನಾಗಮ್ಮನ ಬಾಯಿ ಬತ್ತಿತ್ತು, ಕಾಲು ತನ್ನದಲ್ಲ ಎನ್ನಿಸುತ್ತಿತ್ತು. ಆದರೂ ಕಂಬಕ್ಕೆ ಬೆನ್ನು ಕೊಟ್ಟು ನಗುತ್ತಾ ನಿಂತಳು.

ಹುಡುಗನ ತಾಯಿ ಒಳ್ಳೆ ಹೆಂಗಸು. ಕಾವ್ಯಳ ಗಲ್ಲ ಹಿಡಿದು ನೋಡಿ, ಮಗನ ಕಡೆ ತಿರುಗಿ, "ಇನ್ನೇನು ಕೇಳೋದೈತಿ? ನಮಗ ಒಪ್ಪಿಗೆ ಆತು" ಎಂದುಬಿಟ್ಟರು. ಸಿದ್ದಲಿಂಗೇಶ ಕಣ್ಣೊರೆಸಿಕೊಂಡ. ಆ ತಾಯಿ ತಾವು ತಂದ ಡಬ್ಬಿ ಬಿಚ್ಚಿ, ಕೈತುಂಬ ಪೇಡ ಹಿಡಿದುಕೊಂಡು ನೇರ ಕಂಬದ ಹತ್ತಿರ ಬಂದರು.

"ಬೀಗರಾದ್ವಿ, ಬಾಯಿ ತಗೀರಿ ಅಕ್ಕಾರ!"

ಅಕ್ಕನಾಗಮ್ಮ ಅತ್ತೆಯ ಮುಖ ನೋಡಿದಳು. ಗಂಗಾಂಬಿಕಾ ತಿನ್ನು ಎಂಬಂತೆ ಹುಬ್ಬು ಏರಿಸಿದಳು. ಇವಳು ಮಗಳ ಮುಖ ನೋಡಿದಳು. ಕಾವ್ಯ ಹುಡುಗನನ್ನು ನೋಡುತ್ತಿದ್ದಳು. ಅಕ್ಕನಾಗಮ್ಮ ಬಾಯಿ ತೆರೆದಳು. ಒಂದು ನುಂಗಿದ ಮೇಲೆ ಇನ್ನೊಂದು, "ಜೋಡಿ ತಿನ್ಬೇಕ್ರಿ" ಎಂದು. ಆಮೇಲೆ ಲೋಟ ತುಂಬ ಬಾದಾಮಿ ಹಾಲು.

ತಟ್ಟೆ ಲೋಟ ತೆಗೆಯುವಷ್ಟರಲ್ಲಿ ಅವಳ ಎದೆ ಮಿಲ್ಲಿನ ಹಾಗೆ ಬಡಿಯತೊಡಗಿತು. ಕುಪ್ಪಸ ತೊಯ್ದು ಬೆನ್ನಿಗೆ ಅಂಟಿತು. ಕಂಬ ಹಿಡಿಯಲು ಹೋದ ಕೈಗೆ ಕಂಬ ಸಿಗಲಿಲ್ಲ. ದೊಪ್ಪೆಂದು ಬಿದ್ದಳು, ಕೈಕಾಲು ಅದುರಿದವು, ಹಾಲು ಬಾಯಿಂದ ಹೊರಬಂದು ಕೆನ್ನೆಯ ಮೇಲೆ ಇಳಿಯಿತು.

"ಅಯ್ಯ ಶಿವನ! ಇವರಿಗೆ ಪಿಟ್ಸ್ ಬರ್ತೈತೇನು?" ಎಂದರು ಹುಡುಗನ ತಾಯಿ, ಎರಡು ಹೆಜ್ಜೆ ಹಿಂದೆ ಸರಿದು.

"ಏ, ಏನಿಲ್ರಿ. ಒಪ್ಪತ್ತು ಇದ್ಲು, ಅದಕ್ಕ ತಲಿ ತಿರುಗೈತಿ" ಎಂದಳು ಗಂಗಾಂಬಿಕಾ.

"ನಾನೂ ಬೆಳಗಿಂದ ಒಪ್ಪತ್ತೇ ಅದೀನ್ರಿ. ನಾ ಬಿದ್ನೇನು?" ಎಂದರು ಆ ತಾಯಿ.

ನೆಲದ ಮೇಲೆ ಬಿದ್ದವಳಿಗೆ ಎಲ್ಲವೂ ಕೇಳಿಸುತ್ತಿತ್ತು. ಇವೆಲ್ಲ ವಂಶದಲ್ಲಿ ಬರುವ ಕಾಯಿಲೆ ಎಂದು ಅವರ ಕಡೆಯವರು ಯಾರೋ ಪಿಸುಗುಟ್ಟಿದ್ದೂ ಕೇಳಿಸಿತು. ಮಗಳ ಬಾಳಿಗೆ ತನ್ನ ಮೈ ಅಡ್ಡ ಬಿದ್ದಿದೆ ಎಂದು ತಿಳಿದು, ಇದ್ದ ಶಕ್ತಿಯನ್ನೆಲ್ಲ ನಾಲಿಗೆಗೆ ತಂದುಕೊಂಡಳು. ಮೊದಲ ಸಲ ಅತ್ತೆಯ ಕಣ್ಣೆದುರಿಗೇ ಅವಳ ಮಾತು ಮೀರಿದಳು.

"ಪಿಟ್ಸ್ ಅಲ್ರಿ ಅಕ್ಕಾರ... ನಾ ಭಾಳ ದಪ್ಪ ಇದ್ನಿ... ಹೊಟ್ಟಿ ಆಪರೇಷನ್ ಆಗೈತ್ರಿ. ಸಿಹಿ ಆಗಂಗಿಲ್ಲ ನನಗ. ನನ್ನ ಮಗಳಿಗೆ ಏನೂ ಇಲ್ರಿ, ಲಿಂಗದಾಣಿ ಏನೂ ಇಲ್ಲ."

ಹುಡುಗನ ತಾಯಿ ಪೇಡದ ಡಬ್ಬಿಯ ಮುಚ್ಚಳ ಹಾಕಿದರು. ದನಿಯಲ್ಲಿ ಕನಿಕರವೂ ಇತ್ತು, ಸುಳ್ಳೇಕೆ ಹೇಳಲಿ.

"ಆಪರೇಷನ್ ಮಾಡಿಸ್ಕೊಂಡಿದ್ದು ತಪ್ಪಲ್ರಿ. ಮುಚ್ಚಿಟ್ರಲ್ಲ! ತಾಯಿ ಹೊಟ್ಟಿ ಮುಚ್ಚಿಟ್ಟವರು, ಮಗಳದು ಏನೇನು ಮುಚ್ಚಿಟ್ಟಾರೋ ಯಾರಿಗೆ ಗೊತ್ತು?"

ಹುಡುಗ ಕಾವ್ಯಳ ಕಡೆ ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ತಾಯಿಯ ಹಿಂದೆ ಹೋದ. ಕಾರು ತಿರುಗಿಸಿಕೊಂಡು ಹೋಗುವ ಸದ್ದು ಬೀದಿಗೆಲ್ಲ ಕೇಳಿಸಿತು.

ಸಿದ್ದಲಿಂಗೇಶ ಮಿಲ್ಲಿಗೆ ಹೊರಟುಹೋದ. ಗಂಗಾಂಬಿಕಾ ಕಾಲು ತೊಳೆದುಕೊಂಡು ಪೂಜೆಯ ಕೋಣೆಗೆ ಹೋಗುತ್ತಾ, "ಹೊಟ್ಟಿ ಕೊಯ್ದು ತಗದ ಡಾಕ್ಟ್ರು ನಾಲಿಗಿ ಯಾಕ ಬಿಟ್ರೋ" ಎಂದಳು. ಪೇಡ ತಿನ್ನಿಸುವಾಗ ಹುಬ್ಬು ಏರಿಸಿದ್ದು ಅವಳಿಗೆ ನೆನಪಿರಲಿಲ್ಲ. ಇಂಥವರಿಗೆ ನೆನಪಿರುವುದೂ ಇಲ್ಲ.

ಅಕ್ಕನಾಗಮ್ಮ ಗೋಡೆಗೆ ಒರಗಿ ಎದ್ದು ಕೂತಿದ್ದಳು. ಆಗ ಕಾವ್ಯ ಅಡುಗೆ ಮನೆಯಿಂದ ಬಂದಳು. ತಲೆಯಲ್ಲಿ ಮಲ್ಲಿಗೆ ಹಾಗೇ ಇತ್ತು, ಕಣ್ಣಿನ ಕಾಡಿಗೆ ಗಲ್ಲಕ್ಕಿಳಿದಿತ್ತು. ಕೈಯಲ್ಲಿ ಗಂಜಿಯ ಬಟ್ಟಲು. ಅವ್ವನಿಗೆ ಯಾವಾಗಲೂ ಕೈಗೆ ಕೊಡುತ್ತಿದ್ದವಳು ಅದನ್ನು ನೆಲದ ಮೇಲಿಟ್ಟು, ಕಾಲಿನಿಂದ ಇಷ್ಟು ಮುಂದೆ ಸರಿಸಿದಳು.

"ತಿನ್ನು. ಇನ್ನ ಯಾರ ಸಲುವಾಗಿ ಉಪವಾಸ?"

ಅಷ್ಟು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಕ್ಕನಾಗಮ್ಮ ಮುಚ್ಚಿದ ಬಾಗಿಲನ್ನೇ ನೋಡುತ್ತಾ ಕೂತಳು. ನುಂಗಲಾಗುವುದಿಲ್ಲ ಎಂದುಕೊಂಡಳು. ಆದರೆ ಹಿಡಿಯಷ್ಟೇ ಆದರೂ ಅದೂ ಹೊಟ್ಟೆಯೇ, ಬೆಳಗಿನಿಂದ ಕಾದಿತ್ತು. ಬಟ್ಟಲೆತ್ತಿಕೊಂಡು ಕುಡಿದಳು, ಪೂರ್ತಿ ಕುಡಿದಳು.