ಲೀಸ್ ತಂದುಕೊಟ್ಟ ಅಧ್ಯಕ್ಷರು

ಕೌಲಾಲಂಪುರದ ಸೆಕೆಗೆ ನಮ್ಮ ಅಧ್ಯಕ್ಷರ ಮೀಸೆಯ ಕಪ್ಪು ಬಣ್ಣ ಕರಗಿ ಬಾಯಿಯ ಎರಡೂ ಮೂಲೆಗೆ ಇಳಿಯುತ್ತಿತ್ತು. ಮಾತಿನ ನಡುವೆ ಬಿಳಿ ಕರವಸ್ತ್ರ ತೆಗೆದು ಒತ್ತಿಕೊಳ್ಳುವರು. ಮಸಿ ಹತ್ತಿದ ಭಾಗವನ್ನು ಒಳಗೆ ಮಡಿಚಿ, ಪ್ರಾಮಾಣಿಕತೆಯ ಬಗ್ಗೆ ಭಾಷಣ ಮುಂದುವರಿಸುವರು.

ಬ್ರಿಕ್‌ಫೀಲ್ಡ್ಸ್‌ನ ನಮ್ಮ ಹಳೆಯ ಫ್ಲ್ಯಾಟುಗಳ ಮಾಲೀಕರ ಸಂಘಕ್ಕೆ ಅವರು ಅಧ್ಯಕ್ಷರು. ಬೆಂಗಳೂರಿನವರು, ಐಟಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಕಟ್ಟಡದಲ್ಲಿ ಕನ್ನಡದ ಮನೆಗಳೆಂದರೆ ಅವರದು ಮತ್ತು ನಮ್ಮದು ಮಾತ್ರ. ಹಾಗಾಗಿ ನಾನು ತಮ್ಮ ಕಡೆಯವಳೆಂದೇ ಅವರ ಲೆಕ್ಕ. ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆ ಬಂದರೆ ಮುದುಕಿಯರನ್ನು ಸರಿಸಿ ಮೊದಲು ಕೈ ಚಾಚುವರು. ತಮಿಳು ಮುಸ್ಲಿಮರ ಮಮಕ್ ಚಹಾದಂಗಡಿಗೆ ಹೋದರೆ, ಹುಟ್ಟಿದಾಗಿನಿಂದ ಚಹಾ ಎತ್ತಿ ಸುರಿಯುತ್ತಿರುವವನಿಗೆ ಸುರಿಯುವ ಬಗೆ ಕಲಿಸುವರು.

ನಮ್ಮ ಮನೆಗಳಿರುವುದು ಸರ್ಕಾರ ಲೀಸ್‌ಗೆ ಕೊಟ್ಟ ನೆಲದ ಮೇಲೆ. ಅವಧಿ ಮುಗಿದರೆ ನೆಲ ಸರ್ಕಾರಕ್ಕೆ, ಅದರ ಜೊತೆ ಮನೆಯೂ. ಉಳಿದ ವರ್ಷಗಳು ಕಡಿಮೆಯಾಗುತ್ತ ಬಂದ ಹಾಗೆ ಬ್ಯಾಂಕುಗಳು ಈ ಮನೆಗಳಿಗೆ ಸಾಲ ನಿಲ್ಲಿಸಿದವು, ಕೊಳ್ಳುವವರೂ ಈ ಕಡೆ ತಲೆ ಹಾಕಲಿಲ್ಲ. ಲೀಸ್ ಮುಂದುವರಿಸಬೇಕಾದರೆ ಎಲ್ಲರ ಪರವಾಗಿ ಸಂಘವೇ ಭೂ ಕಚೇರಿಗೆ ಅರ್ಜಿ ಹಾಕಬೇಕಿತ್ತು. ಅಧ್ಯಕ್ಷರು ಹಾಕಲಿಲ್ಲ.

ಅರ್ಜಿ ಯಾವಾಗ ಎಂದು ಪ್ರತಿ ಸಭೆಯಲ್ಲೂ ಎದ್ದು ಕೇಳುತ್ತಿದ್ದವರು ಟೀಚರಮ್ಮ. ನಮ್ಮ ಎದುರು ಮನೆಯವರು, ತಮಿಳು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ವಿಧವೆ.

"ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ಅಧ್ಯಕ್ಷರು ಕನ್ನಡದಲ್ಲಿ ನಕ್ಕು, "ಸ್ವಲ್ಪ ಟ್ರಾನ್ಸ್‌ಲೇಟ್ ಮಾಡಿ ಹೇಳಮ್ಮ ಅವರಿಗೆ" ಎಂದು ನನ್ನ ಕಡೆ ತಿರುಗುವರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಸಭೆಯಲ್ಲಿ ಹೀಗೆ ನಗುವ ಮನುಷ್ಯ, ಸಂಜೆ ಟೀಚರಮ್ಮನ ಮನೆಯಲ್ಲಿ ಕೂತು ಹೆದರಿಸುತ್ತಿದ್ದರು. ಒಂದು ದಿನ ಆಕೆಯೇ ಬಾಗಿಲಲ್ಲಿ ನಿಂತು ತಮಿಳಿನಲ್ಲಿ ನನಗೆ ಹೇಳಿದರು: "ಸರ್ಕಾರ ಇನ್ನು ಲೀಸ್ ಕೊಡಲ್ವಂತೆ, ಕಟ್ಟಡ ಕೆಡವ್ತಾರಂತೆ. ಪುತ್ರಜಯಾ ಊರಲ್ಲಿ ಯಾರೋ ನನ್ನ ಮನೆ ತಗೊಳ್ಳೋಕೆ ಒಪ್ಪಿದ್ದಾರಂತೆ. ಈಗ ಬಿಟ್ಟರೆ ಮತ್ತೆ ಯಾರೂ ಬರಲ್ಲ ಅಂತಾರೆ."

"ಎರಡು ದಿನ ತಡೀರಿ. ನಾನೇ ಹೋಗಿ ಕೇಳ್ಕೊಂಡು ಬರ್ತೀನಿ" ಎಂದೆ.

ಮರುದಿನ ರಜೆ ಹಾಕಿ ಭೂ ಕಚೇರಿಗೆ ಹೋದೆ. ಕೌಂಟರಿನ ಹುಡುಗಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ. ಎಷ್ಟೋ ಕಟ್ಟಡಗಳವರು ಅರ್ಜಿ ಹಾಕಿ ಲೀಸ್ ಪಡೆದಿದ್ದಾರೆ, ನಿಮ್ಮ ಸಂಘದಿಂದ ಮಾತ್ರ ಯಾರೂ ಬಂದಿಲ್ಲ ಎಂದಳು. ಓಡಿ ಬಂದೆ. ಟೀಚರಮ್ಮ ಹೊಸ್ತಿಲಲ್ಲಿ ಕೂತಿದ್ದರು. ಅಂದು ಬೆಳಿಗ್ಗೆಯೇ ಅಧ್ಯಕ್ಷರು ತಮ್ಮ ಕಾರಿನಲ್ಲಿ ವಕೀಲರ ಹತ್ತಿರ ಕರೆದುಕೊಂಡು ಹೋಗಿ, ಅಗ್ಗದ ಬೆಲೆಗೆ ಮನೆ ಮಾರಿದ ಪತ್ರಕ್ಕೆ ಸಹಿ ಹಾಕಿಸಿದ್ದರು.

"ಪಾಪ, ದಾರಿಯಲ್ಲಿ ಎಳನೀರೂ ಕೊಡಿಸಿದ್ರು" ಎಂದರು ಟೀಚರಮ್ಮ.

ನಾನು ಕೇಳಿ ಬಂದದ್ದನ್ನು ಹೇಳಿದೆ. ಆಕೆ ಅಳಲಿಲ್ಲ. ಮೆಲ್ಲಗೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ತಿಂಗಳಲ್ಲೇ ಇಪೋ ಊರಿನಲ್ಲಿದ್ದ ಮಗಳ ಮನೆ ಸೇರಿದರು.

ಮುಂದಿನ ಸಭೆಯಲ್ಲಿ ಮೊದಲ ಸಾಲಿನಲ್ಲಿ ಟೀಚರಮ್ಮನ ಮನೆಯ ಹೊಸ ಮಾಲೀಕ ಕೂತಿದ್ದ. ಅಧ್ಯಕ್ಷರ ಹೆಂಡತಿಯ ತಮ್ಮ! ಲೀಸ್ ಅರ್ಜಿಯನ್ನು ಕೂಡಲೇ ಸಲ್ಲಿಸುವುದಾಗಿ ಅಧ್ಯಕ್ಷರು ಅಂದೇ ಘೋಷಿಸಿದರು. ಚಪ್ಪಾಳೆ ಬಿತ್ತು. ನಾನು ಎದ್ದು, ಎಲ್ಲರಿಗೂ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲೇ ಕೇಳಿದೆ: ಟೀಚರಮ್ಮ ಮಾರುವ ತನಕ ಕಾದಿದ್ದು ಯಾಕೆ?

ಅವರು ಯಾರಿಗೂ ತಿಳಿಯದಿರಲೆಂದು ಕನ್ನಡಕ್ಕೆ ಹೊರಳಿದರು. "ಇದನ್ನೆಲ್ಲ ನಾವು ನಾವೇ ಮನೇಲಿ ಮಾತಾಡ್ಕೊಳ್ಳೋಣ ಬಾಮ್ಮ. ಬಿಸಿನೆಸ್ ಅಂದ್ರೆ ಹೀಗೇ ಕಣಮ್ಮ. ನಮ್ಮ ಭಾಷೆಯವಳಾಗಿ ನೀನೇ ಹೀಗಂದ್ರೆ?"

ಆ ಮಾತನ್ನು ಒಂದಕ್ಷರವೂ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಸಭೆಗೆ ಒಪ್ಪಿಸಿದೆ. ಅಧ್ಯಕ್ಷರು ಕರವಸ್ತ್ರ ಹುಡುಕಿದರು. ಆದರೆ ಎಲ್ಲರಿಗೂ ಲೀಸ್ ಬೇಕಿತ್ತು. ವರ್ಷದ ಕೊನೆಗೆ ಮತ್ತೆ ಅವರನ್ನೇ ಆರಿಸಿದರು, ಶಾಲು ಹೊದಿಸಿದರು. ನೊಣಕ್ಕೆ ಬೆಲ್ಲ ಯಾರದಾದರೇನು?

ಲೀಸ್ ಬಂತು. ಭಾಮೈದನ ಮನೆಗೆ ಬೆಲೆ ಬರಲೆಂದು ಹಾಕಿದ ಅರ್ಜಿಯಲ್ಲಿ ನನ್ನ ಮನೆಯೂ ಸೇರಿತ್ತು. ಇಂದು ನನ್ನ ತಲೆಯ ಮೇಲೊಂದು ಸೂರು ಭದ್ರವಾಗಿದ್ದರೆ ಅದು ಅವರ ದುರಾಸೆಯ ಪ್ರಸಾದ. ಇಷ್ಟು ಹೊಲಸು ಋಣ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಹೋದ ವರ್ಷ ಅಧ್ಯಕ್ಷರು ಹೃದಯಾಘಾತದಿಂದ ತೀರಿಕೊಂಡರು. ಸಂತಾಪ ಸಭೆಯಲ್ಲಿ ಕನ್ನಡದವಳೆಂದು ನನ್ನನ್ನೇ ಮಾತಾಡಲು ಕರೆದರು. ಹೋಗಲಿಲ್ಲ. ಇಪೋಗೆ ಫೋನ್ ಮಾಡಿ ಟೀಚರಮ್ಮನಿಗೆ ಸುದ್ದಿ ತಿಳಿಸಿದೆ. ಆಕೆ ಮೊದಲು ಅವರ ಹೆಂಡತಿ ಹೇಗಿದ್ದಾರೆ ಎಂದು ವಿಚಾರಿಸಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಲೀಸ್ ಬಂತಾಮ್ಮ?"

"ಬಂತು" ಎಂದೆ.

ಆ ಒಂದು ಮಾತನ್ನು ನನ್ನ ಬಾಯಿಂದ ಆಕೆಗೆ ಹೇಳಿಸಿದ್ದಕ್ಕಾಗಿ, ಸತ್ತ ಮೇಲೂ ಆ ಮನುಷ್ಯನನ್ನು ನಾನು ಕ್ಷಮಿಸಿಲ್ಲ.