ಒಂದು ಮೊಳ ಹುಳು

ಹೂವಿನಹಡಗಲಿಯ ನಮ್ಮತ್ತೆ ನಗುನಗುತ್ತಾ ಬಾಳೆಎಲೆ ಬಿಚ್ಚಿದರು. ಒಳಗಿದ್ದದ್ದು ಮಲ್ಲಿಗೆಯಲ್ಲ, ಒಂದು ಮೊಳ ಹುಳುವಿನ ಮಾಲೆ!

ಹುಳು ನಿಜದ್ದಲ್ಲ. ಗಾಳದ ಮುಳ್ಳಿಗೆ ದಾರ, ಪುಕ್ಕ ಸುತ್ತಿ ನೀರೊಳಗಿನ ಮರಿಹುಳುವಿನಂತೆ ಕಟ್ಟಿದರೆ ಹಿಮಾಚಲದ ಟ್ರೌಟ್ ಮೀನು ಮೋಸ ಹೋಗಿ ಬಾಯಿ ಹಾಕುತ್ತದೆ. ಅದನ್ನು ಹಿಡಿದು, ಕಣ್ತುಂಬ ನೋಡಿ, ಮತ್ತೆ ನೀರಿಗೆ ಬಿಡುವುದು ನನ್ನ ಖಯಾಲಿ. ಮರುದಿನವೇ ಹೊರಡಬೇಕಿತ್ತು, ಹುಳುವಿನ ಡಬ್ಬಿ ಖಾಲಿ. ಮಲ್ಲಿಗೆ ಕಟ್ಟಿ ಪಳಗಿದ ಅತ್ತೆಯ ಬೆರಳು ನಂಬಿ, ಒಂದನ್ನು ಕಟ್ಟಿ ತೋರಿಸಿ, ಉಳಿದದ್ದು ಅವರಿಗೇ ಒಪ್ಪಿಸಿ ಪೇಟೆಗೆ ಹೋಗಿದ್ದೆ.

"ಬಿಡಿಬಿಡಿ ಇದ್ರ ಕಳ್ಕೊಂತೀರಿ ಅಂತ ಎಲ್ಲಾ ಒಂದ ದಾರದಾಗ ಕಟ್ಟೀನ್ರಿ, ಅಳಿಯಂದ್ರ" ಎಂದರು ಅತ್ತೆ.

ಒಂದೊಂದು ಹುಳುವೂ ನಾನು ಕಟ್ಟಿದ್ದಕ್ಕಿಂತ ಚೆಂದ. ಆದರೆ ದಾರ ಎಲ್ಲಿ ಕತ್ತರಿಸಿದರೂ ಅಕ್ಕಪಕ್ಕದ ಪುಕ್ಕ ಉದುರುವಂತಿತ್ತು.

"ಮೀನಿಗೆ ಮುಡಸ್ತೀರೋ, ನೀವ ಮುಡ್ಕೊಂತೀರೋ?" ಎಂದು ಹೆಂಡತಿ ಬಿದ್ದುಬಿದ್ದು ನಕ್ಕಳು. ಅತ್ತೆಯ ಮುಖ ನೋಡಿ ನಾನು ಕತ್ತರಿ ಕೆಳಗಿಟ್ಟೆ.

ಹಿಮಾಚಲದ ಹೊಳೆಗೆ ಮಾಲೆಯನ್ನು ಹಾಗೇ ಬೀಸಿದೆ. ಅದು ಮೊದಲು ನನ್ನ ಟೋಪಿ ಹಿಡಿಯಿತು, ಆಮೇಲೆ ಜೊತೆಗೆ ಬಂದಿದ್ದ ಗೆಳೆಯನ ಸ್ವೆಟರ್. ಮೀನು ಮಾತ್ರ ಹತ್ತಿರ ಸುಳಿಯಲಿಲ್ಲ. ಸಂಜೆ ಫೋನಿನಲ್ಲಿ ಅತ್ತೆ ಆಸೆಯಿಂದ "ಮೀನ ಬಿದ್ವೇನ್ರಿ?" ಎಂದಾಗ ನಿಜ ಹೇಳಲು ಮನಸ್ಸಾಗಲಿಲ್ಲ.

"ಮಾಲಿ ಪೂರಾ ಖರ್ಚಾತು, ಅತ್ತಿ" ಎಂದುಬಿಟ್ಟೆ.

ಮೊನ್ನೆ ಹಡಗಲಿಯ ಬಸ್ಸಿನಲ್ಲಿ ಕೂಡ್ಲಿಗಿಯ ನಮ್ಮ ಮನೆಗೆ ಮತ್ತೆ ಎರಡು ಮಾರು ಹುಳು ಬಂದಿದೆ. ಗಾಳದ ಮುಳ್ಳನ್ನು ಅತ್ತೆ ತಾವೇ ಸಂತೆಯಲ್ಲಿ ಹುಡುಕಿ ತಂದರಂತೆ. ದಾರಿಯಲ್ಲಿ ಬಾಡಬಾರದೆಂದು ಒದ್ದೆಬಟ್ಟೆ ಸುತ್ತಿ ಕಳಿಸಿದ್ದಾರೆ.