ಅಂಬಿಕಳ ಮೂರು ದಿನ

ಇನ್ನೂ ಬೆಳಕು ಹರಿದಿರಲಿಲ್ಲ. ಅಷ್ಟರಲ್ಲೇ ಅಂಬಿಕ ಟೆಂಟಿನಿಂದ ತೆವಳಿ ಹೊರಬಂದು, ರಾತ್ರಿಯ ನಾಲ್ಕು ತಟ್ಟೆ ಉಜ್ಜಿ, ಅತ್ತೆಗೆ ಬಿಸಿನೀರು ಕಾಯಿಸಿ, ಗಂಡನಿಗೆ ಕಾಫಿ ಕೊಟ್ಟು, ಒದ್ದೆ ಟವೆಲ್ಲುಗಳನ್ನು ಕಾರಿನ ಬಾಗಿಲ ಮೇಲೆ ಹರವಿ, ಹುರುಳಿಕಾಳು ಬೇಯಿಸಿ, ಮುದ್ದೆಗೆ ಎಸರಿಟ್ಟಿದ್ದಳು. ನಾಗಮಂಗಲದ ಮನೆಯಲ್ಲೂ ಇಷ್ಟೇ ಕೆಲಸ. ಇಲ್ಲಿ ಕತ್ತಲಲ್ಲಿ ಕಲ್ಲು ಎಡವುವುದೊಂದು ಹೆಚ್ಚು.

ನೂರು ಹೆಜ್ಜೆ ಆಚೆಗೆ ಆಂಧ್ರದ ಗಂಡಿಕೋಟದ ಕಮರಿ. ಕೆಂಪು ಬಂಡೆಗಳನ್ನು ಸೀಳಿಕೊಂಡು ಹರಿಯುವ ಪೆನ್ನಾ ನದಿಯನ್ನು ಮಗಳು ಪ್ರಿಯಾಂಕ ಫೋನಿನಲ್ಲಿ ತೋರಿಸಿ ತೋರಿಸಿಯೇ ಎಲ್ಲರನ್ನೂ ಹೊರಡಿಸಿದ್ದಳು. ನಿನ್ನೆ ಬಂದು ಸೇರುವಾಗ ಕತ್ತಲಾಗಿತ್ತು. ಇವತ್ತು ಬೆಳಿಗ್ಗೆ ಎಂಟಕ್ಕೆ ಉಂಡು ತಿರುಪತಿಗೆ ಹೊರಡಬೇಕು.

"ಅಮ್ಮಾ, ಬಾ, ಸೂರ್ಯ ಹುಟ್ತಾವ್ನೆ!"

"ಅವ್ಳು ಬಂದ್ರೆ ಅಡುಗೆ ಯಾರು ಮಾಡ್ತಾರೆ? ನಿಮ್ಮಜ್ಜಿ ಓಟ್ಲು ಊಟ ಮುಟ್ಟಾಕಿಲ್ಲ," ಎಂದ ಗಂಡ ಧರ್ಮೇಂದ್ರ. "ಫೋಟೋ ತೆಕ್ಕೊಂಡ್ ಬತ್ತೀವಿ ಕಣೇ, ನೋಡ್ಕೊಳ್ವಂತೆ."

ಅತ್ತೆ ಪಾರ್ವತಮ್ಮ ಮಡಚುವ ಕುರ್ಚಿಯಲ್ಲೇ ಕೂತು, "ಗುಂಡಿ ನೋಡಕ್ಕೆ ಇಷ್ಟು ದೂರ ಬರ್ಬೇಕಿತ್ತಾ? ನಮ್ಮೂರ ಕಲ್ಲುಕ್ವಾರಿ ಸಾಲ್ದೇ ಓಯ್ತಾ?" ಎಂದರು. ಅಪ್ಪ ಮಗಳು ನಗುತ್ತಾ ಹೋದರು.

ಅಂಬಿಕಳಿಗೆ ನಲವತ್ತೆಂಟು. ಮುಟ್ಟಾದವಳು ಒಲೆ ಮುಟ್ಟಬಾರದೆಂಬುದು ಆ ಮನೆಯ ಕಟ್ಟು. ಇಪ್ಪತ್ತೈದು ವರ್ಷ ಆಕೆಗೆ ತಿಂಗಳಿಗೆ ಸಿಕ್ಕ ಬಿಡುವೆಂದರೆ ಆ ಮೂರು ದಿನ. ಜಗಲಿಯ ಮೂಲೆಯಲ್ಲಿ ಚಾಪೆ, ಬೇರೆ ಲೋಟ, ದೂರದಿಂದ ನೂಕುವ ತಟ್ಟೆ. ಅವಮಾನವೇ. ಆದರೆ ಬೆನ್ನು ನೆಲಕ್ಕೆ ತಾಗುತ್ತಿದ್ದದ್ದೂ ಆಗಲೇ. ಏಳು ತಿಂಗಳ ಹಿಂದೆ ಅದೂ ನಿಂತಿತು. "ನಿಂತೋಯ್ತಾ? ಒಳ್ಳೇದೇ ಆಯ್ತು ಬುಡು, ಇನ್ನು ಅಡುಗೆಗೆ ಅಡ್ಡಿಯಿಲ್ಲ," ಎಂದಿದ್ದರು ಅತ್ತೆ. ಆವತ್ತು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಂಬಿಕ ಅತ್ತದ್ದು ವಯಸ್ಸಾಯಿತೆಂದಲ್ಲ.

ಎಸರು ಕುದಿಯಿತು. ಕಮರಿಯ ಕಡೆಯಿಂದ ಮಗಳ ಕೂಗು ಕೇಳಿ, ಬಂಡೆಗೆ ಬಡಿದು ಇನ್ನೊಮ್ಮೆ ಕೇಳಿತು.

"ಏನ್ ನೋಡ್ತಾ ನಿಂತೆ? ಹಿಟ್ಟು ಉಯ್ಯೇ," ಎಂದರು ಅತ್ತೆ.

ನಾಳೆಯ ದರ್ಶನದ ಚೀಟಿಯಲ್ಲಿ ತನ್ನ ಹೆಸರೂ ಇದೆ. ಹುಟ್ಟಿದಂದಿನಿಂದ ತಿಮ್ಮಪ್ಪನನ್ನು ಕಂಡವಳಲ್ಲ. ಈ ಸಲ ತಪ್ಪಿದರೆ ಮತ್ತೆ ಯಾರು ಕರೆದುಕೊಂಡು ಹೋಗುತ್ತಾರೆ? ದೇವರ ದಾರಿಯಲ್ಲಿ ಸುಳ್ಳು ಬೇರೆ. ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಅವಳ ಕೈ ಒಂದು ಗಳಿಗೆ ನಿಂತಿತು.

ಆಮೇಲೆ ಅವಳು ಡಬ್ಬಿಯನ್ನು ಕೆಳಗಿಟ್ಟು ಒಲೆಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದಳು.

"ಅತ್ತೆಮ್ಮಾ, ನಾನು ಮುಟ್ಟಾಗ್ಬುಟ್ಟೆ."

"ಅಯ್ಯೋ ಪಾಪಿ! ಏಳು ತಿಂಗ್ಳು ಬಿಟ್ಟು ಇವತ್ತೇನೇ? ನಾಳೆ ದೇವರ ಮುಂದೆ ಎಂಗೆ ನಿಲ್ತೀಯಾ?"

"ನಿಲ್ಲಲ್ಲ. ಕಾರಲ್ಲೇ ಕೂತಿರ್ತೀನಿ," ಎಂದು ಅಂಬಿಕ ಕಮರಿಯ ಕಡೆಗೆ ನಡೆದಳು.